ಟ್ರೇಲರ್ ಎಳೆಯುವ ಹೊಸ ಟ್ರಕ್: ಯಾವ ಗೇರ್‌ಬಾಕ್ಸ್ ನಂಬಬಹುದು, ತಕರಾರು ತೆಗೆದರೆ ಏನು ಮಾಡಬೇಕು

ಟ್ರೇಲರ್ ಎಳೆಯಲೆಂದೇ ಹೊಸ ಪಿಕಪ್ ಟ್ರಕ್ ಕೊಳ್ಳುವವರು ಎಂಜಿನ್ನಿನ ಹಾರ್ಸ್‌ಪವರ್ ನೋಡುತ್ತಾರೆ, ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿ ಹಾಕಿರುವ ಟೋಯಿಂಗ್ ಅಂಕಿ ನೋಡುತ್ತಾರೆ, ಡ್ಯಾಶ್‌ಬೋರ್ಡಿನ ಸ್ಕ್ರೀನ್ ಎಷ್ಟು ಇಂಚು ಅಂತಲೂ ಕೇಳುತ್ತಾರೆ. ಗೇರ್‌ಬಾಕ್ಸ್ ಯಾವುದು, ಹಿಂದಿನ ಆಕ್ಸಲ್ ರೇಷಿಯೋ (ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ ಎಷ್ಟು ಸುತ್ತಬೇಕು ಎಂಬ ಅಂಕಿ) ಎಷ್ಟು ಅಂತ ಕೇಳುವವರು ಕಡಿಮೆ. ಭಾರ ಎಳೆಯಲು ಶುರುವಾದ ಮೇಲೆ ಗಾಡಿಯ ಗುಣ ಗೊತ್ತಾಗುವುದು ಈ ಎರಡರಿಂದಲೇ. ಇಲ್ಲಿ ಅಮೆರಿಕದ ಮಾರುಕಟ್ಟೆಯ ಕೆಲಸದ ಟ್ರಕ್‌ಗಳಲ್ಲಿ ಬರುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗಳನ್ನು ಎಳೆಯುವ ಕೆಲಸದ ಕಣ್ಣಿನಿಂದ ತೂಗಿ ನೋಡಿದ್ದೇವೆ. ವಾರಂಟಿ ಇರುವಾಗಲೇ ತೊಂದರೆ ಕಂಡರೆ ಅದನ್ನು ಹಿಡಿದು ಸರಿಮಾಡಿಸಿಕೊಳ್ಳುವ ದಾರಿಯೂ ಇದರಲ್ಲೇ ಇದೆ.

ಪೆಟ್ಟಿಗೆಯೊಳಗೆ ಏನಿದೆ

ಫೋರ್ಡ್ ಸೂಪರ್ ಡ್ಯೂಟಿಯಲ್ಲಿ 2020ರಿಂದ ಬರುತ್ತಿರುವುದು ಹತ್ತು ಗೇರಿನ 10ಆರ್140. ಒಂದನೇ ಗೇರಿನ ರೇಷಿಯೋ 4.6ರ ಆಸುಪಾಸು (ಎಂಜಿನ್ 4.6 ಸುತ್ತು ತಿರುಗಿದರೆ ಹೊರಗಿನ ಶಾಫ್ಟ್ ಒಂದು ಸುತ್ತು), ಏಳನೆಯದು ನೇರ 1:1, ಅದರ ಮೇಲಿನ ಮೂರು ಓವರ್‌ಡ್ರೈವ್, ಅಂದರೆ ಶಾಫ್ಟ್ ಎಂಜಿನ್ನಿಗಿಂತ ವೇಗವಾಗಿ ತಿರುಗುವ ಗೇರ್‌ಗಳು. ಎಳೆಯುವವರಿಗೆ ಇದರಲ್ಲಿ ಎರಡು ಲಾಭ. ಒಂದನೇ ಗೇರ್ ಅಷ್ಟು ಗಟ್ಟಿಯಾಗಿರುವುದರಿಂದ ನಿಂತ ಜಾಗದಿಂದ ಭಾರ ಎತ್ತುವಾಗ ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಹೆಚ್ಚು ಹೊತ್ತು ಜಾರುತ್ತಾ ಕೂರುವುದಿಲ್ಲ. ಮೂರರಿಂದ ಏಳರವರೆಗಿನ ಗೇರ್‌ಗಳ ನಡುವಿನ ಅಂತರ ಸಣ್ಣದು, ಹಾಗಾಗಿ ಏರಿನಲ್ಲಿ ಒಂದು ಗೇರ್ ಇಳಿದರೆ ಎಂಜಿನ್ ಇದ್ದಕ್ಕಿದ್ದಂತೆ ಕೂಗುವುದಿಲ್ಲ. ಪಿಟಿಒ (ಎಂಜಿನ್ ಬಲದಿಂದ ಬೇರೆ ಯಂತ್ರ ಓಡಿಸುವ ಜೋಡಣೆ) ಹಾಕಿಸುವ ಅನುಕೂಲವೂ ಇದೆ. ಹೊಸದರಲ್ಲಿ, ಆಯಿಲ್ ತಣ್ಣಗಿದ್ದಾಗ, ಕೆಳಗಿನ ಗೇರ್‌ಗಳಲ್ಲಿ ಒಂದಿಷ್ಟು ಒರಟುತನ ಕಾಣುತ್ತದೆ. ಕಂಟ್ರೋಲ್ ಮಾಡ್ಯೂಲ್ ಕ್ಲಚ್‌ಗಳ ಅಳತೆ ಕಲಿತುಕೊಂಡ ಹಾಗೆ ಅದು ತಗ್ಗಬೇಕು. ಗಾಡಿ ಚೆನ್ನಾಗಿ ಓಡಿದ ಮೇಲೂ ತಗ್ಗದಿದ್ದರೆ ಅದನ್ನು ದೂರು ಅಂತಲೇ ಪರಿಗಣಿಸಿ.

ಎಫ್-150ಯ 10ಆರ್80 ಇದರ ತಮ್ಮ. ಗೇರ್ ರೇಷಿಯೋಗಳು ಹೆಚ್ಚುಕಮ್ಮಿ ಅವೇ, ಮೈ ಮಾತ್ರ ಹಗುರ. ಇದರ ಹೆಸರುವಾಸಿ ದೌರ್ಬಲ್ಯ ಸಿಡಿಎಫ್ ಕ್ಲಚ್ ಡ್ರಮ್ಮಿನ (ಸಿ, ಡಿ, ಎಫ್ ಎಂಬ ಮೂರು ಕ್ಲಚ್‌ಗಳನ್ನು ಹಿಡಿದಿರುವ ಡ್ರಮ್) ಒಳಗಿನ ಬುಶ್, ಅಂದರೆ ಬಳೆಯಂಥ ಲೋಹದ ತುಂಡು. ಹಳೆಯ ವಿನ್ಯಾಸದ ಡ್ರಮ್ಮಿನಲ್ಲಿ ಈ ಬುಶ್ ತನ್ನ ಜಾಗದಿಂದ ನಿಧಾನಕ್ಕೆ ಸರಿಯುತ್ತದೆ. ಸರಿದಾಗ ಆಯಿಲ್ ದಾರಿಗಳ ನಡುವೆ ಸೋರಿಕೆಯಾಗಿ ಕ್ಲಚ್ಚಿಗೆ ಬೇಕಾದ ಒತ್ತಡ ಸಿಗುವುದಿಲ್ಲ. ಡ್ರೈವ್‌ಗೋ ರಿವರ್ಸ್‌ಗೋ ಹಾಕಿದ ಮೇಲೆ ಗಾಡಿ ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಧಡಕ್ಕನೆ ಹಿಡಿಯುವುದು, 3-4ರ ನಡುವೆ ಒದೆತ, ಇವು ಅದರ ಲಕ್ಷಣ. ಆಮೇಲೆ ಬಂದ ಡ್ರಮ್ಮಿನಲ್ಲಿ ಬುಶ್ ಸರಿಯದಂತೆ ಅಂಚು ಕೊಟ್ಟಿದ್ದಾರೆ. ಹಳೆಯ ಸ್ಟಾಕಿನ ಗಾಡಿಯೋ ಸೆಕೆಂಡ್‌ಹ್ಯಾಂಡ್ ಗಾಡಿಯೋ ತೆಗೆದುಕೊಳ್ಳುವಾಗ ಈ ಡ್ರಮ್ ಬದಲಾಗಿದೆಯೇ ಅಂತ ಸರ್ವಿಸ್ ದಾಖಲೆಯಲ್ಲಿ ನೋಡಿ. ಬರೀ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಕೈತೊಳೆದುಕೊಂಡಿದ್ದರೆ ಆ ದೂರು ಮತ್ತೆ ಬರುತ್ತದೆ. ಸರಿದ ಬುಶ್ಶನ್ನು ಸಾಫ್ಟ್‌ವೇರ್ ಎಳೆದು ಕೂರಿಸುವುದಿಲ್ಲ.

ಜಿಎಂನ ಹೆವಿ ಡ್ಯೂಟಿ ಗಾಡಿಗಳಲ್ಲಿ 2020ರಿಂದ ಡೀಸೆಲ್ ಜೊತೆ 10ಎಲ್1000 ಬರುತ್ತದೆ. ಮೇಲೆ ಆಲಿಸನ್ ಹೆಸರಿದ್ದರೂ ತಯಾರಿಕೆ ಜಿಎಂನದ್ದೇ. ಎಳೆಯುವಾಗಿನ ನಡವಳಿಕೆ ನೋಡಿದರೆ ಈ ಪಟ್ಟಿಯಲ್ಲಿ ಮೊದಲ ಸ್ಥಾನ ಇದಕ್ಕೇ ಕೊಡಬೇಕು. ಇಳಿಜಾರಿನಲ್ಲಿ ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆ ತಡೆದು ಗಾಡಿಯ ವೇಗ ತಗ್ಗಿಸುವ ವ್ಯವಸ್ಥೆ) ಜೊತೆ ಗೇರ್ ಇಳಿಸುವ ಲೆಕ್ಕಾಚಾರ ತುಂಬಾ ಹದವಾಗಿದೆ. ಆದರೆ 2024ರಲ್ಲಿ ಜಿಎಂ 2020ರಿಂದ 2022ರವರೆಗಿನ ಸುಮಾರು 4.6 ಲಕ್ಷ ಡೀಸೆಲ್ ಗಾಡಿಗಳನ್ನು ಹಿಂದಕ್ಕೆ ಕರೆಯಿತು. ಕಾರಣ, ಗೇರ್‌ಬಾಕ್ಸಿನ ಕಂಟ್ರೋಲ್ ವಾಲ್ವ್ ಸವೆದು ಒತ್ತಡ ಕಳೆದುಕೊಳ್ಳುವುದು. ಗೇರ್ ಇಳಿಯುವಾಗ ಬಲವಾದ ಜೆರ್ಕ್, ಅಪರೂಪಕ್ಕೆ ಹಿಂದಿನ ಚಕ್ರಗಳು ಕ್ಷಣಕಾಲ ಲಾಕ್ ಆಗುವ ಅಪಾಯ. ಪರಿಹಾರವಾಗಿ ಕೊಟ್ಟದ್ದು ಸಾಫ್ಟ್‌ವೇರ್: ಸವೆತವನ್ನು ಮುಂಚೆಯೇ ಪತ್ತೆಹಚ್ಚಿ ಗಾಡಿಯನ್ನು ಐದನೇ ಗೇರಿಗೆ ಮಿತಿಗೊಳಿಸುವ ವ್ಯವಸ್ಥೆ. ಆ ವರ್ಷಗಳ ಗಾಡಿ ನಿಮ್ಮದಾಗಿದ್ದು, ಅದು ಐದರ ಮೇಲೆ ಹೋಗಲು ಒಪ್ಪದಿದ್ದರೆ ಇನ್ನೇನನ್ನೂ ಹುಡುಕುವ ಮೊದಲು ಇದನ್ನೇ ನೋಡಿಸಿ.

ರ‍್ಯಾಮ್‌ನ ಕಥೆ ಎರಡು ಭಾಗದ್ದು. 2024ರವರೆಗೆ ಸಾಮಾನ್ಯ ಕಮಿನ್ಸ್ ಡೀಸೆಲ್ ಜೊತೆ ಆರು ಗೇರಿನ 68ಆರ್‌ಎಫ್‌ಇ, ಹೈ ಔಟ್‌ಪುಟ್ ಎಂಜಿನ್ ಜೊತೆ ಐಸಿನ್. 68ಆರ್‌ಎಫ್‌ಇಯ ಒಂದನೇ ಗೇರ್ 3.23, ಎರಡನೆಯದು 1.84. ಈ ಎರಡು ಅಂಕಿಯಲ್ಲೇ ಅದರ ಜಾತಕ ಇದೆ. ಹತ್ತು ಗೇರಿನ ಪೆಟ್ಟಿಗೆಗಳು 4.6ರ ಆಸುಪಾಸಿನಲ್ಲಿ ಹೊರಡುವಾಗ ಇದು 3.23ರಲ್ಲಿ ಹೊರಡಬೇಕು. ಕೊರತೆಯನ್ನು ತುಂಬುವುದು ಕನ್ವರ್ಟರಿನ ಜಾರುವಿಕೆ, ಅಂದರೆ ಶಾಖ. ಮೇಲಿನ ಓವರ್‌ಡ್ರೈವ್ ಕ್ಲಚ್ ಪ್ಯಾಕ್ ಕೂಡ ಇದರ ಮೆತ್ತನೆಯ ಜಾಗ. ಖಾಲಿ ಓಡಾಟಕ್ಕೂ ಹದಭಾರಕ್ಕೂ ಇದು ಸಾಕು. ದಿನಾ 12,000 ಪೌಂಡ್ ಎಳೆಯುವ ಕೆಲಸಕ್ಕೆ, ಅದರಲ್ಲೂ ಎಂಜಿನ್ ಟ್ಯೂನ್ ಮಾಡಿಸುವ ಯೋಚನೆ ಇದ್ದರೆ, ಬೇಡ. 2025ರಿಂದ ರ‍್ಯಾಮ್ ಈ ಎರಡನ್ನೂ ಬಿಟ್ಟು ಜೆಡ್‌ಎಫ್ ಪವರ್‌ಲೈನ್ ಆಧಾರಿತ ಎಂಟು ಗೇರಿನ ಪೆಟ್ಟಿಗೆಗೆ ಬಂದಿದೆ. ಕಾಗದದ ಮೇಲೆ ಸರಿಯಾದ ಹೆಜ್ಜೆ. ಭಾರದಲ್ಲಿ ಲಕ್ಷ ಮೈಲಿ ಓಡಿದ ಗಾಡಿಗಳು ಸಾಕಷ್ಟು ಬಂದ ಮೇಲೆಯೇ ಅಂತಿಮ ಅಂಕ.

ಜಿಎಂನ ಎಂಟು ಗೇರಿನ 8ಎಲ್90 ಬಗ್ಗೆ ಒಂದು ಮಾತು ಸಾಕು. ಮೊದಲ ವರ್ಷಗಳಲ್ಲಿ ಅದರಲ್ಲಿ ತುಂಬಿದ್ದ ಆಯಿಲ್ ತೇವ ಹೀರಿಕೊಳ್ಳುತ್ತಿತ್ತು, ಅದರಿಂದ ಲಾಕಪ್ ಕ್ಲಚ್ (ಕನ್ವರ್ಟರ್ ಜಾರದಂತೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನೇರ ಬೆಸೆಯುವ ಕ್ಲಚ್) ನಡುಗುತ್ತಿತ್ತು. ಮೊಬಿಲ್ 1 ಎಲ್‌ವಿ ಎಟಿಎಫ್ ಎಚ್‌ಪಿಗೆ ಪೂರ್ತಿ ಬದಲಿಸಿದರೆ ಬಹಳಷ್ಟು ಗಾಡಿಗಳಲ್ಲಿ ನಡುಕ ನಿಲ್ಲುತ್ತದೆ. ಪ್ಯಾನ್ ಬಿಚ್ಚಿ ಅರ್ಧ ಆಯಿಲ್ ಬದಲಿಸಿದರೆ ಸಾಲದು. ಕನ್ವರ್ಟರಿನಲ್ಲಿ ಉಳಿದ ಹಳೆಯದು ಹೊಸದನ್ನೂ ಕೆಡಿಸುತ್ತದೆ.

ಬ್ರೋಷರ್ ಅಂಕಿಯ ಬೆಲೆ ಎಷ್ಟು

ಇಂದಿನ ಟೋಯಿಂಗ್ ಅಂಕಿಗಳು ಎಸ್‌ಎಇ ಜೆ2807 ಎಂಬ ಮಾನದಂಡದ ಪ್ರಕಾರ ಬರುತ್ತವೆ. ಅರಿಜೋನಾದ ಡೇವಿಸ್ ಡ್ಯಾಮ್ ಏರಿನಲ್ಲಿ 11.4 ಮೈಲಿ, ಎಸಿ ಪೂರ್ತಿ ತಿರುಗಿಸಿ, ಹಿಂದೆ ಒಂಟಿ ಚಕ್ರದ ಗಾಡಿಯಾದರೆ ವೇಗ ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದಂತೆ ಹತ್ತಬೇಕು. ಒಳ್ಳೆಯ ಪರೀಕ್ಷೆಯೇ. ಆದರೆ ಆ ಲೆಕ್ಕದಲ್ಲಿ ಕ್ಯಾಬಿನ್ನಿನಲ್ಲಿರುವುದು ತಲಾ 150 ಪೌಂಡಿನ ಇಬ್ಬರು. ನಾಲ್ಕು ಜನ ಕೆಲಸದವರು, ಟೂಲ್‌ಬಾಕ್ಸ್, ಹೆಚ್ಚುವರಿ ಡೀಸೆಲ್ ಟ್ಯಾಂಕ್, ಇದ್ಯಾವುದೂ ಇಲ್ಲ.

ಹಾಗಾಗಿ ಬ್ರೋಷರ್ ಮಡಚಿಟ್ಟು ಡ್ರೈವರ್ ಬಾಗಿಲ ಕಂಬದ ಮೇಲಿನ ಸ್ಟಿಕರ್ ಓದಿ. ಪೇಲೋಡ್, ಅಂದರೆ ಜನರೂ ಸಾಮಾನೂ ಸೇರಿ ಗಾಡಿ ಹೊರಬಹುದಾದ ಭಾರ, 1,700 ಪೌಂಡ್ ಅಂತಿದೆ ಎಂದುಕೊಳ್ಳಿ. 9,000 ಪೌಂಡಿನ ಟ್ರೇಲರ್ ಹಿಚ್ಚಿನ (ಟ್ರೇಲರ್ ಕಟ್ಟುವ ಕೊಂಡಿ) ಮೇಲೆ 12 ಶೇಕಡಾ ಭಾರ ಹಾಕಿದರೆ 1,080 ಪೌಂಡ್ ಅಲ್ಲಿಗೇ ಹೋಯಿತು. ಉಳಿದದ್ದು 620. ತಲಾ 180 ಪೌಂಡಿನ ನಾಲ್ವರು ಹತ್ತಿದರೆ 720. ಸ್ಪ್ಯಾನರ್ ಒಂದನ್ನೂ ಇಡುವ ಮೊದಲೇ ಗಾಡಿ ಮಿತಿ ದಾಟಿತು, ಬ್ರೋಷರಿನಲ್ಲಿ ಮಾತ್ರ ಇನ್ನೂ ಸಾವಿರಾರು ಪೌಂಡ್ ಬಾಕಿ ಕಾಣುತ್ತಿರುತ್ತದೆ. ಮಿತಿ ದಾಟಿದ ಗಾಡಿಯ ಗೇರ್‌ಬಾಕ್ಸ್ ಕೆಟ್ಟರೆ ವಾರಂಟಿಯವರಿಗೆ ಸಿಗುವ ಮೊದಲ ನೆಪವೂ ಇದೇ.

ತೂಕದಷ್ಟೇ ಮುಖ್ಯವಾದದ್ದು ಟ್ರೇಲರಿನ ಎದುರುಮುಖ. ಚಪ್ಪಟೆ ಟ್ರೇಲರ್ ಮೇಲೆ 7,000 ಪೌಂಡಿನ ಯಂತ್ರ ಇಟ್ಟು ಎಳೆಯುವುದಕ್ಕೂ ಅಷ್ಟೇ ತೂಕದ ಎತ್ತರದ ಬಾಕ್ಸ್ ಟ್ರೇಲರ್ ಎಳೆಯುವುದಕ್ಕೂ ಗೇರ್‌ಬಾಕ್ಸಿನ ಮಟ್ಟಿಗೆ ಅಜಗಜಾಂತರ. ಗಂಟೆಗೆ 65 ಮೈಲಿಯಲ್ಲಿ ಸಮತಟ್ಟು ರಸ್ತೆಯಲ್ಲೂ ಬಾಕ್ಸ್ ಟ್ರೇಲರ್ ಗಾಳಿಯನ್ನು ತಳ್ಳುತ್ತಲೇ ಇರುತ್ತದೆ. ಆ ದುಡಿಮೆಗೆ ಬಿಡುವಿಲ್ಲ. ಮ್ಯಾನ್ಯುಯಲ್ಲಿನ ಟೋಯಿಂಗ್ ಪಟ್ಟಿಯ ಅಡಿಟಿಪ್ಪಣಿಯಲ್ಲಿ ಎದುರುಮುಖದ ಚದರಡಿ ಮಿತಿ ಇರುತ್ತದೆ, ಅದನ್ನು ಓದುವವರು ವಿರಳ.

ಆಕ್ಸಲ್ ರೇಷಿಯೋ ವಿಷಯದಲ್ಲಿ ಜಿಪುಣತನ ಬೇಡ. 3.31 ಅಥವಾ 3.55 ಇರುವ ಗಾಡಿ ಖಾಲಿ ಓಡುವಾಗ ಇಂಧನ ಉಳಿಸುತ್ತದೆ, ಭಾರದಲ್ಲಿ ಪದೇಪದೇ ಗೇರ್ ಇಳಿಸುತ್ತದೆ. ವಾರಕ್ಕೆ ಮೂರು ದಿನವಾದರೂ ಎಳೆಯುವ ಗಾಡಿಗೆ 3.73, ಸಿಕ್ಕರೆ 4.10. ಇನ್ನೊಂದು: 33.2 ಇಂಚಿನ ಟೈರ್ ತೆಗೆದು 35 ಇಂಚಿನದ್ದು ಹಾಕಿದರೆ 3.73 ಆಕ್ಸಲ್ ಕೆಲಸದಲ್ಲಿ 3.54 ಆಗಿಬಿಡುತ್ತದೆ. ದುಡ್ಡು ಕೊಟ್ಟು ಕೊಂಡ ರೇಷಿಯೋವನ್ನು ಟೈರ್ ಅಂಗಡಿಯಲ್ಲಿ ಬಿಟ್ಟುಬಂದ ಹಾಗೆ.

ಎಲ್ಲದರ ಬೇರು ಶಾಖ

ಕನ್ವರ್ಟರ್ ಲಾಕ್ ಆಗದೆ 300 ಆರ್‌ಪಿಎಂ ಜಾರುತ್ತಿದೆ, ಅದರ ಮೂಲಕ 600 ನ್ಯೂಟನ್-ಮೀಟರ್ ಟಾರ್ಕ್ ಹೋಗುತ್ತಿದೆ ಅಂದುಕೊಂಡರೆ ವ್ಯರ್ಥವಾಗುವ ಶಕ್ತಿ ಸುಮಾರು 19 ಕಿಲೋವ್ಯಾಟ್. ಅಷ್ಟೂ ಹೋಗಿ ಸೇರುವುದು ಆಯಿಲ್‌ಗೆ. ಲಾಕಪ್ ಕ್ಲಚ್ ಹಿಡಿದ ಕೂಡಲೇ ಇದು ನಿಲ್ಲುತ್ತದೆ. ಎಳೆಯುವ ಗಾಡಿಯ ಚಾಲಕನಿಗೆ ತಿಳಿದಿರಬೇಕಾದ ತಂತ್ರವೆಲ್ಲ ಇಷ್ಟೇ: ಕನ್ವರ್ಟರ್ ಆದಷ್ಟು ಹೊತ್ತು ಲಾಕ್ ಆಗಿರುವ ಹಾಗೆ ಓಡಿಸುವುದು.

ಆಯಿಲ್ ಉಷ್ಣತೆ 80ರಿಂದ 95 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ನೆಮ್ಮದಿ. ಭಾರದಲ್ಲಿ ಉದ್ದನೆಯ ಏರು ಹತ್ತುವಾಗ 105ರವರೆಗೆ ಹೋಗಿ ಮೇಲೆ ತಲುಪಿದ ಮೇಲೆ ಇಳಿದರೆ ತಲೆಕೆಡಿಸಿಕೊಳ್ಳಬೇಡಿ. ಸಮತಟ್ಟಿನಲ್ಲೂ 110ರ ಮೇಲೆ ನಿಂತರೆ ಕಾರಣ ಹುಡುಕಬೇಕು. 115 ದಾಟಿದರೆ ಆಯಿಲ್ ಸುಟ್ಟು ವಾರ್ನಿಶ್ ಆಗಿ ವಾಲ್ವ್‌ಗಳಿಗೆ ಅಂಟಲು ಶುರು, 127ರ ಆಸುಪಾಸಿನಲ್ಲಿ ರಬ್ಬರ್ ಸೀಲ್‌ಗಳು ಗಡುಸಾಗುತ್ತವೆ. ಸೂಜಿಯ ಗೇಜ್ ಮಾತ್ರ ಇರುವ ಗಾಡಿಗಳಲ್ಲಿ ಸೂಜಿ ದೊಡ್ಡ ಅಂತರದವರೆಗೆ ನಡುವಿನಲ್ಲೇ ನಿಂತಿರುತ್ತದೆ. ಅಂಕಿ ತೋರಿಸುವ ಡಿಜಿಟಲ್ ಪುಟಕ್ಕೆ ಬದಲಿಸಿಕೊಳ್ಳಿ, ಇಲ್ಲವಾದರೆ ಒಬಿಡಿ ರೀಡರ್ (ಗಾಡಿಯ ಕಂಪ್ಯೂಟರ್ ಮಾಹಿತಿ ಓದುವ ಸಾಧನ) ಹಾಕಿ ಫೋನಿನಲ್ಲಿ ನೋಡಿ.

ಭಾರ ಎಳೆಯುವಾಗ ಬಳಸುವ ಟೋ/ಹಾಲ್ ಗುಂಡಿ ಒತ್ತುವುದನ್ನು ಮರೆಯಬೇಡಿ. ಅದು ಗೇರ್ ಬದಲಿಸುವ ಆರ್‌ಪಿಎಂ ಮೇಲಕ್ಕೆ ತರುತ್ತದೆ, ಕ್ಲಚ್‌ಗಳನ್ನು ಗಟ್ಟಿಯಾಗಿ ಹಿಡಿಸುತ್ತದೆ, ಕೆಳಗಿನ ಗೇರ್‌ಗಳಲ್ಲೇ ಕನ್ವರ್ಟರ್ ಲಾಕ್ ಮಾಡುತ್ತದೆ, ಇಳಿಜಾರಿನಲ್ಲಿ ಗೇರ್ ಇಳಿಸಿ ಎಂಜಿನ್ ಬ್ರೇಕ್ ಕೊಡುತ್ತದೆ. ಅದು ಆನ್ ಇದ್ದೂ ಏರುತಗ್ಗಿನ ರಸ್ತೆಯಲ್ಲಿ ಗಾಡಿ 8-9-8-9 ಅಂತ ಅಲೆದಾಡುತ್ತಿದ್ದರೆ ಮೈನಸ್ ಗುಂಡಿ ಒತ್ತಿ ಮೇಲಿನ ಗೇರ್‌ಗಳಿಗೆ ಬೀಗ ಹಾಕಿ. ಏಳನೇ ಗೇರಿನಲ್ಲಿ 2,200 ಆರ್‌ಪಿಎಂನಲ್ಲಿ ಎಂಜಿನ್ ಸ್ವಲ್ಪ ಗದ್ದಲ ಮಾಡಲಿ ಬಿಡಿ. ಗದ್ದಲದಿಂದ ಯಾವ ಕ್ಲಚ್ಚೂ ಸವೆಯುವುದಿಲ್ಲ, ಅಲೆದಾಟದಿಂದ ಸವೆಯುತ್ತದೆ.

ಉಷ್ಣತೆ ಬೇಗ ಏರುವುದು ಹೆದ್ದಾರಿಯಲ್ಲಲ್ಲ. ಟ್ರೇಲರನ್ನು ಏರಿನ ಕಚ್ಚಾ ದಾರಿಯಲ್ಲಿ ರಿವರ್ಸ್ ಒಯ್ಯುವಾಗ. ಕನ್ವರ್ಟರ್ ಲಾಕ್ ಇರುವುದಿಲ್ಲ, ಕೂಲರಿಗೆ ಗಾಳಿಯೂ ಇರುವುದಿಲ್ಲ. ಫೋರ್-ವೀಲ್ ಗಾಡಿಯಾದರೆ ಮಣ್ಣು, ಜಲ್ಲಿಯ ಮೇಲೆ 4-ಲೋ (ನಾಲ್ಕೂ ಚಕ್ರಕ್ಕೆ ನಿಧಾನ ವೇಗದ, ಹೆಚ್ಚು ಬಲದ ಗೇರ್) ಹಾಕಿ. ಟ್ರಾನ್ಸ್‌ಫರ್ ಕೇಸ್ ಸುಮಾರು 2.7 ಪಟ್ಟು ಇಳಿಸಿಕೊಡುವುದರಿಂದ ಕನ್ವರ್ಟರ್ ಹೊರೆ ಆ ಪ್ರಮಾಣದಲ್ಲೇ ಇಳಿಯುತ್ತದೆ. ಡಾಂಬರಿನ ಮೇಲೆ 4-ಲೋದಲ್ಲಿ ತಿರುವು ತೆಗೆದುಕೊಳ್ಳಬೇಡಿ, ಡ್ರೈವ್‌ಲೈನ್ ಬಿಗಿದುಕೊಳ್ಳುತ್ತದೆ. ಎಚ್ಚರಿಕೆ ದೀಪ ಹತ್ತಿದರೆ ಪಕ್ಕಕ್ಕೆ ನಿಲ್ಲಿಸಿ ಪಾರ್ಕ್‌ಗೆ ಹಾಕಿ ಎಂಜಿನ್ ಆನ್ ಇಟ್ಟು 1,200 ಆರ್‌ಪಿಎಂ ಹಿಡಿಯಿರಿ. ಬಂದ್ ಮಾಡಿದರೆ ಪಂಪ್ ನಿಂತು ಬಿಸಿ ಆಯಿಲ್ ಇದ್ದಲ್ಲೇ ಉಳಿಯುತ್ತದೆ.

ಹೊಚ್ಚಹೊಸ ಗಾಡಿಗೆ ಮೊದಲ ದಿನವೇ ಟ್ರೇಲರ್ ಕಟ್ಟಬಾರದು. ಜಿಎಂ ಮತ್ತು ರ‍್ಯಾಮ್ 500 ಮೈಲಿ, ಫೋರ್ಡ್ 1,000 ಮೈಲಿ ಓಡಿದ ಮೇಲೆ ಅನ್ನುತ್ತವೆ. ಇದು ಗೇರ್‌ಬಾಕ್ಸಿಗಿಂತ ಹೆಚ್ಚಾಗಿ ಹಿಂದಿನ ಆಕ್ಸಲ್ಲಿನ ಗೇರ್‌ಗಳಿಗಾಗಿ. ಅವು ಒಂದಕ್ಕೊಂದು ಕೂರುವ ಮೊದಲೇ ಭಾರ ಹಾಕಿದರೆ ಮುಂದೆ ಕೇಳುವ ಗೊಂಯ್‌ ಸದ್ದನ್ನು ಎಷ್ಟೋ ಜನ ಗೇರ್‌ಬಾಕ್ಸಿನದ್ದು ಅಂತ ತಿಳಿಯುತ್ತಾರೆ.

ತೊಂದರೆ ನಿಜಕ್ಕೂ ಗೇರ್‌ಬಾಕ್ಸಿನದ್ದೇ?

ಗಂಟೆಗೆ 40-60 ಮೈಲಿಯಲ್ಲಿ, ಆಕ್ಸಿಲರೇಟರ್ ಲಘುವಾಗಿ ಒತ್ತಿರುವಾಗ, ರಸ್ತೆಬದಿಯ ರಂಬಲ್ ಸ್ಟ್ರಿಪ್ ಮೇಲೆ ಚಕ್ರ ಹೋದಂತೆ ಒಂದೆರಡು ಸೆಕೆಂಡ್ ನಡುಕ. ಇದು ಲಾಕಪ್ ಕ್ಲಚ್ಚಿನ ನಡುಕ ಇರಬಹುದು, ಎಂಜಿನ್ನಿನ ಒಂದು ಸಿಲಿಂಡರ್ ಭಾರದಲ್ಲಿ ಮಿಸ್ ಹೊಡೆಯುತ್ತಿರಲೂಬಹುದು. ಎರಡೂ ಕೂತವರಿಗೆ ಒಂದೇ ಥರ ಅನಿಸುತ್ತವೆ. ಬೇರ್ಪಡಿಸುವ ದಾರಿ ಸುಲಭ: ಖಾಲಿ ರಸ್ತೆಯಲ್ಲಿ, ನಡುಕ ಬಂದಿರುವಾಗಲೇ, ಬಲಗಾಲು ಕದಲಿಸದೆ ಎಡಗಾಲಿನಿಂದ ಬ್ರೇಕ್ ಪೆಡಲನ್ನು ಬ್ರೇಕ್ ದೀಪ ಹತ್ತುವಷ್ಟು ಮಾತ್ರ ಮುಟ್ಟಿ. ಕನ್ವರ್ಟರ್ ಲಾಕ್ ಬಿಡುತ್ತದೆ, ಆರ್‌ಪಿಎಂ ಸ್ವಲ್ಪ ಏರುತ್ತದೆ. ನಡುಕ ಆಗಲೇ ನಿಂತರೆ ಬೆರಳು ಲಾಕಪ್ ಕ್ಲಚ್ಚಿನ ಕಡೆಗೆ. ಮುಂದುವರಿದರೆ ಕಾಯಿಲ್, ಪ್ಲಗ್, ಇಂಜೆಕ್ಟರ್ ನೋಡಿ.

ಇನ್ನೊಂದು ಪರೀಕ್ಷೆ: ವೇಗ ಅಷ್ಟೇ ಇಟ್ಟುಕೊಂಡು ಗೇರ್ ಮಾತ್ರ ಕೈಯಿಂದ ಒಂದು ಇಳಿಸಿ. ಕಂಪನದ ಲಯ ಬದಲಾಗದಿದ್ದರೆ ಅದು ಚಕ್ರದ ವೇಗಕ್ಕೆ ಕಟ್ಟಿಕೊಂಡಿದೆ. ಟೈರ್, ಪ್ರೊಪೆಲ್ಲರ್ ಶಾಫ್ಟ್, ಯೂ-ಜಾಯಿಂಟ್, ನಡುವಿನ ಬೇರಿಂಗ್ ಇವುಗಳ ಪಾಲು. ಸಿಗ್ನಲ್‌ನಲ್ಲಿ ನಿಂತ ಮೇಲೋ ಹೊರಡುವಾಗಲೋ ಹಿಂದಿನಿಂದ ಯಾರೋ ಗುದ್ದಿದಂತೆ ಒಂದು ಟಕ್ ಬಂದರೆ ಬಹಳ ಸಲ ಒಣಗಿದ ಸ್ಲಿಪ್ ಯೋಕ್ ಸ್ಪ್ಲೈನ್. ಗ್ರೀಸ್ ಹಾಕಿದರೆ ಹೋಗುತ್ತದೆ. ಟ್ರೇಲರ್ ಕಟ್ಟಿದಾಗ ಮಾತ್ರ ಗುದ್ದು ಬರುವುದಾದರೆ ಮೊದಲು ಹಿಚ್ ಬಾಲ್ ಮತ್ತು ಕಪ್ಲರ್ ನಡುವಿನ ಸಡಿಲ, ಟ್ರೇಲರ್ ಬ್ರೇಕ್ ಕಂಟ್ರೋಲರಿನ ಗೇನ್ ನೋಡಿ. ಬಾಲ್ ಅಳತೆ ತಪ್ಪಿರುವುದನ್ನು ಗೇರ್‌ಬಾಕ್ಸ್ ತಲೆಗೆ ಕಟ್ಟಬಾರದು.

ಗೇರ್‌ಬಾಕ್ಸಿನ ದೋಷಕ್ಕೆ ಕೋಡ್‌ಗಳೂ ಸಿಗುತ್ತವೆ. ಪಿ0741 ಅಂದರೆ ಲಾಕಪ್ ಹಿಡಿಯುತ್ತಿಲ್ಲ. ಪಿ0730 ಮತ್ತು ಅದರ ನಂತರದವು ಗೇರ್ ರೇಷಿಯೋ ತಾಳೆಯಾಗುತ್ತಿಲ್ಲ ಎನ್ನುತ್ತವೆ, ಅಂದರೆ ಯಾವುದೋ ಕ್ಲಚ್ ಜಾರುತ್ತಿದೆ. ಪಿ0218 ಅತಿ ಬಿಸಿ, ಪಿ0868 ಆಯಿಲ್ ಒತ್ತಡ ಕಡಿಮೆ. ಪಿ0700 ಒಂದೇ ಬಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಗೇರ್‌ಬಾಕ್ಸ್ ಮಾಡ್ಯೂಲಿನಲ್ಲಿ ಬೇರೆ ಕೋಡ್ ಇದೆ, ಅದನ್ನು ಓದಬಲ್ಲ ಸ್ಕ್ಯಾನರ್ ತನ್ನಿ ಅಂತ ಅದರ ಅರ್ಥ. ದೀಪ ಹತ್ತದಿದ್ದರೂ ಲೈವ್ ಡೇಟಾದಲ್ಲಿ ಕನ್ವರ್ಟರ್ ಸ್ಲಿಪ್ ನೋಡಿ. ಲಾಕ್ ಆದ ಮೇಲೆ 20 ಆರ್‌ಪಿಎಂ ಸುತ್ತಮುತ್ತ ಇರುವುದು ಕೆಲವು ಪೆಟ್ಟಿಗೆಗಳಲ್ಲಿ ಬೇಕೆಂದೇ ಇಟ್ಟದ್ದು. ಅದೇ ಅಂಕಿ ಭಾರದಲ್ಲಿ 20ರಿಂದ 150ಕ್ಕೆ, ಮತ್ತೆ 20ಕ್ಕೆ ಕುಣಿಯುತ್ತಿದ್ದರೆ ಕ್ಲಚ್ ಹಿಡಿದು ಬಿಟ್ಟು ಮಾಡುತ್ತಿದೆ.

ಆಯಿಲ್ ಮಟ್ಟ ಮೊದಲೇ ನೋಡಬೇಕಾದದ್ದು, ಆದರೆ ಹಲವು ಹೊಸ ಗಾಡಿಗಳಲ್ಲಿ ಎಂಜಿನ್ ಬೇಯಲ್ಲಿ ಡಿಪ್‌ಸ್ಟಿಕ್ ಇಲ್ಲ. 10ಆರ್80ಯಲ್ಲಿ ಅದು ಗಾಡಿಯ ಅಡಿಯಲ್ಲಿ, ಎಕ್ಸಾಸ್ಟ್ ಪಕ್ಕದ ಪ್ಲಗ್ಗಿಗೆ ಅಂಟಿಕೊಂಡಿದೆ. ಬರಿಗೈಯಲ್ಲಿ ಹೋದರೆ ಸುಡುವುದು ಗ್ಯಾರಂಟಿ. ಇನ್ನು ಕೆಲವಲ್ಲಿ ಮಟ್ಟದ ಪ್ಲಗ್ ಬಿಚ್ಚಿ, ಗಾಡಿ ಸಮತಟ್ಟಾಗಿ ನಿಂತು ಎಂಜಿನ್ ಓಡುತ್ತಿರುವಾಗ, ಕಂಪನಿ ಹೇಳಿದ ಉಷ್ಣತೆಯಲ್ಲಿ, ಆಯಿಲ್ ಸಣ್ಣ ಧಾರೆಯಾಗಿ ಬಂದು ಹನಿಯಾಗುವ ಹೊತ್ತಿಗೆ ಮುಚ್ಚಬೇಕು. ತಣ್ಣಗಿರುವಾಗ ನೋಡಿ ತುಂಬಿದರೆ ಬಿಸಿಯಾದಾಗ ಹೆಚ್ಚಾಗಿ ನೊರೆ ಬರುತ್ತದೆ. ನೊರೆಗೆ ಒತ್ತಡ ನಿಲ್ಲುವುದಿಲ್ಲ, ಲಕ್ಷಣ ಮಾತ್ರ ಆಯಿಲ್ ಕಡಿಮೆಯಾದಾಗಿನದ್ದೇ.

ಡೀಲರ್ ಸರ್ವಿಸ್: ಅಂಕ ಕಡಿಮೆ, ಕಾರಣ ಇದೆ

ಟ್ರಕ್ ಕಂಪನಿಗಳ ಎಂಜಿನಿಯರಿಂಗಿಗೆ ಹತ್ತಕ್ಕೆ ಎಂಟು ಕೊಡಬಹುದು, ವಾರಂಟಿ ಸೇವೆಗೆ ಐದರ ಮೇಲೆ ಕೊಡಲು ಮನಸ್ಸು ಬರುವುದಿಲ್ಲ. ಭಾರದಲ್ಲಿ ಮಾತ್ರ ಬರುವ ತೊಂದರೆಯನ್ನು ಖಾಲಿ ಗಾಡಿಯಲ್ಲಿ ಎರಡು ಮೈಲಿ ಓಡಿಸಿ ನೋಡಿ, “ದೋಷ ಕಾಣಲಿಲ್ಲ, ಈ ಮಾಡೆಲ್ಲಿನ ಸಹಜ ಗುಣ” ಅಂತ ಬರೆದು ಕೀ ಕೈಗಿಡುವುದು ವಾಡಿಕೆ. ಮೆಕ್ಯಾನಿಕ್ ತಪ್ಪೂ ಪೂರ್ತಿ ಅಲ್ಲ. ಹುಡುಕಾಟದ ಸಮಯಕ್ಕೆ ಕಂಪನಿ ಕೊಡುವ ವಾರಂಟಿ ಗಂಟೆಗಳು ಬಿಗಿ, ಗಿರಾಕಿಯ ಟ್ರೇಲರ್ ಎಳೆಯಲು ಎಷ್ಟೋ ಕಡೆ ಒಪ್ಪಿಗೆಯೂ ಇರುವುದಿಲ್ಲ.

ಆದ್ದರಿಂದ ದೂರನ್ನು ಬರೆಯುವ ರೀತಿಯೇ ಅರ್ಧ ಕೆಲಸ. “ಗೇರ್ ಸರಿಯಾಗಿ ಬೀಳುತ್ತಿಲ್ಲ” ಅಂತ ಬರೆಸಿದರೆ ಉತ್ತರವೂ ಅಷ್ಟೇ ತೇಲಾಗಿ ಬರುತ್ತದೆ. ಹೀಗೆ ಬರೆಸಿ: “8,000 ಪೌಂಡ್ ಟ್ರೇಲರ್, ಟೋ/ಹಾಲ್ ಆನ್, 7ನೇ ಗೇರ್, ಗಂಟೆಗೆ 48 ಮೈಲಿ, 1,750 ಆರ್‌ಪಿಎಂ, ಆಯಿಲ್ 98 ಡಿಗ್ರಿ, ಸಣ್ಣ ಏರು, ಆಕ್ಸಿಲರೇಟರ್ ಸ್ಥಿರ, ಎರಡು ಸೆಕೆಂಡ್ ನಡುಕ, ಬ್ರೇಕ್ ಪೆಡಲ್ ಮುಟ್ಟಿದರೆ ನಿಲ್ಲುತ್ತದೆ.” ಇದೇ ಮಾತುಗಳು ರಿಪೇರಿ ಆರ್ಡರಿನಲ್ಲಿ ಅಚ್ಚಾಗಿವೆಯೇ ನೋಡಿ ಸಹಿ ಮಾಡಿ. ಸರ್ವಿಸ್ ಅಡ್ವೈಸರ್ ತನ್ನ ಮಾತಿನಲ್ಲಿ ಸಂಕ್ಷೇಪಿಸಿದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಒಬಿಡಿ ಆ್ಯಪ್‌ನಲ್ಲಿ ಆಯಿಲ್ ಉಷ್ಣತೆ, ಕನ್ವರ್ಟರ್ ಸ್ಲಿಪ್, ಗೇರ್, ಆರ್‌ಪಿಎಂ ರೆಕಾರ್ಡ್ ಮಾಡಿಟ್ಟಿದ್ದರೆ ಅದನ್ನೂ ಕೊಡಿ. ಮೆಕ್ಯಾನಿಕ್ ಪಕ್ಕದಲ್ಲಿ ಕೂತು ನೀವೇ ಓಡಿಸಿ ತೋರಿಸುವ ಟೆಸ್ಟ್ ಡ್ರೈವ್ ಕೇಳಿ. ಗಾಡಿ ಬಿಟ್ಟ ದಿನ, ಪಡೆದ ದಿನ, ಓಡೋಮೀಟರ್ ಎಲ್ಲವೂ ಕಾಗದದ ಮೇಲೆ ಇರಲಿ. ಏನೂ ಸಿಗಲಿಲ್ಲ ಅಂದಾಗಲೂ ರಿಪೇರಿ ಆರ್ಡರಿನ ಪ್ರತಿ ಬೇಕೇ ಬೇಕು. ಮುಂದೆ ಇದು ಮೂರನೇ ಸಲ ಅಂತ ಸಾಬೀತುಪಡಿಸುವುದು ಆ ಕಾಗದ.

ಡೀಲರ್ ಬಳಿ ಹೋಗುವ ಮೊದಲು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ವೆಬ್‌ಸೈಟಿನಲ್ಲಿ ಗಾಡಿಯ ವಿನ್ (ಗುರುತಿನ ಸಂಖ್ಯೆ) ಹಾಕಿ ರೀಕಾಲ್ ನೋಡಿ, ನಿಮ್ಮ ಮಾಡೆಲ್ಲಿಗೆ ಕಂಪನಿ ಕಳಿಸಿರುವ ಸರ್ವಿಸ್ ಬುಲೆಟಿನ್‌ಗಳೂ ಅಲ್ಲೇ ಸಿಗುತ್ತವೆ. ರೀಕಾಲ್ ಆದರೆ ವಾರಂಟಿ ಮುಗಿದಿದ್ದರೂ ಉಚಿತ. ಬುಲೆಟಿನ್ ಹಾಗಲ್ಲ, ವಾರಂಟಿ ಇದ್ದರೆ ಮಾತ್ರ ಉಚಿತ, ಅದೂ ದೂರು ಕೊಟ್ಟವರಿಗೆ. ಬುಲೆಟಿನ್ ನಂಬರ್ ಹಿಡಿದು ಹೋದ ಗಿರಾಕಿಗೆ “ಸಹಜ ಗುಣ” ಅನ್ನುವುದು ಕಷ್ಟ.

ಪವರ್‌ಟ್ರೇನ್ ವಾರಂಟಿ (ಎಂಜಿನ್, ಗೇರ್‌ಬಾಕ್ಸ್ ಇತ್ಯಾದಿಗೆ) ಹಲವು ಗಾಡಿಗಳಿಗೆ 5 ವರ್ಷ ಅಥವಾ 60,000 ಮೈಲಿ. ದಿನಾ ಓಡುವ ಕೆಲಸದ ಗಾಡಿಗೆ ಮೈಲಿ ಮೊದಲು ಮುಗಿಯುತ್ತದೆ, ಎರಡು ವರ್ಷಕ್ಕೇ. ಲೆಮನ್ ಕಾನೂನಿನ (ಪದೇಪದೇ ಕೆಡುವ ಹೊಸ ಗಾಡಿ ಕೊಂಡವರಿಗೆ ರಕ್ಷಣೆ ಕೊಡುವ ಕಾನೂನು) ಮೇಲೆ ತೀರಾ ಭರವಸೆ ಬೇಡ: ಹಲವು ರಾಜ್ಯಗಳಲ್ಲಿ 10,000 ಪೌಂಡ್‌ಗಿಂತ ಹೆಚ್ಚು ಜಿವಿಡಬ್ಲ್ಯೂಆರ್ (ಭಾರ ಸೇರಿ ಗಾಡಿಯ ಗರಿಷ್ಠ ತೂಕ) ಇರುವ ಗಾಡಿಗಳೋ, ವ್ಯವಹಾರದ ಹೆಸರಿನಲ್ಲಿ ನೋಂದಾಯಿಸಿದ ಗಾಡಿಗಳೋ ಅದರ ವ್ಯಾಪ್ತಿಗೆ ಬರುವುದಿಲ್ಲ. ಹೊರಗಿನ ಕೂಲರೋ ಹಿಚ್ಚೋ ಹಾಕಿಸಿದ್ದಕ್ಕೆ ಇಡೀ ವಾರಂಟಿ ಹೋಯಿತು ಅಂತ ಹೆದರಿಸಿದರೆ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆ ನಿಮ್ಮ ಕಡೆಗಿದೆ. ಆ ಭಾಗದಿಂದಲೇ ಕೆಟ್ಟಿತು ಎಂದು ಅವರು ತೋರಿಸಬೇಕು. ಎಂಜಿನ್ ಟ್ಯೂನ್ ಮಾತ್ರ ಬೇರೆ ಮಾತು. ಹೆಚ್ಚಿದ ಟಾರ್ಕ್ ನೇರ ಗೇರ್‌ಬಾಕ್ಸಿಗೇ ಹೋಗುವುದರಿಂದ ಅವರಿಗೆ ತೋರಿಸುವುದು ಸುಲಭ.

ಬದಲಿ ಗಾಡಿ ಕೊಡುತ್ತೇವೆ ಅಂದರೆ ಒಪ್ಪಂದ ಓದಿ. ಅದರಲ್ಲಿ ಟ್ರೇಲರ್ ಎಳೆಯಬಾರದು ಅಂತ ಸಾಮಾನ್ಯವಾಗಿ ಬರೆದಿರುತ್ತದೆ. ಕೆಲಸದವರಿಗೆ ಅಂಥ ಗಾಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಖರ್ಚು ಮಾಡಬಹುದಾದ್ದು, ಬೇಡವಾದ್ದು

ಆಯಿಲ್ ಬೇಗ ಬದಲಿಸುವುದು ಎಲ್ಲಕ್ಕಿಂತ ಲಾಭದ ಖರ್ಚು. ಫೋರ್ಡ್ ಹತ್ತು ಗೇರಿಗೆ ಸಾಮಾನ್ಯ ಬಳಕೆಯಲ್ಲಿ 1,50,000 ಮೈಲಿ ಅನ್ನುತ್ತದೆ. ಎಳೆಯುವ ಗಾಡಿಗೆ ಆ ಅಂಕಿ ಮರೆತುಬಿಡಿ. ಕಠಿಣ ಬಳಕೆಗೆ ಜಿಎಂ ಹೇಳುವ 45,000 ಮೈಲಿ ಎಲ್ಲ ಪೆಟ್ಟಿಗೆಗೂ ಒಳ್ಳೆಯ ಅಳತೆ. ಫೋರ್ಡಿನ ಹತ್ತು ಗೇರಿಗೆ ಮರ್ಕಾನ್ ಯುಎಲ್‌ವಿ, 68ಆರ್‌ಎಫ್‌ಇಗೆ ಎಟಿಎಫ್+4. “ಎಲ್ಲ ಗಾಡಿಗೂ ಆಗುತ್ತದೆ” ಅಂತ ಡಬ್ಬದ ಮೇಲೆ ಬರೆದದ್ದನ್ನು ಮುಟ್ಟಬೇಡಿ. ಯುಎಲ್‌ವಿ ಹಳೆಯ ಆಯಿಲ್‌ಗಿಂತ ತೆಳು, ವಾಲ್ವ್‌ಗಳ ಲೆಕ್ಕಾಚಾರ ಆ ತೆಳುವಿಗೇ ಮಾಡಿದ್ದು. 68ಆರ್‌ಎಫ್‌ಇ ಪ್ಯಾನಿನಲ್ಲಿ ಎರಡು ಫಿಲ್ಟರ್ ಇವೆ, ಚಪ್ಪಟೆಯದೊಂದು, ತಿರುಗಿಸಿ ಕೂರಿಸುವುದೊಂದು. ಒಂದನ್ನೇ ಬದಲಿಸಿ ಎರಡರ ಬಿಲ್ ಮಾಡುವುದುಂಟು, ಹಳೆಯವೆರಡನ್ನೂ ಕೇಳಿ ಪಡೆಯಿರಿ.

ಪ್ಯಾನ್ ಬಿಚ್ಚಿದಾಗ ಅಲ್ಲೇ ನಿಂತು ಅಯಸ್ಕಾಂತ ನೋಡಿ. ಮೇಲೆ ತೆಳ್ಳನೆ ಬೂದು ಬಣ್ಣದ ಪೇಸ್ಟ್, ಬೆರಳಲ್ಲಿ ಉಜ್ಜಿದರೆ ನುಣುಪು: ಇದು ಸಹಜ ಸವೆತ. ಉಗುರಿಗೆ ಸಿಗುವ ಚೂರು, ಸೂಜಿಯಂಥ ಎಳೆ ಇದ್ದರೆ ಗೇರೋ ಬೇರಿಂಗೋ ಹೋಗುತ್ತಿದೆ. ಪ್ಯಾನ್ ತಳದಲ್ಲಿ ಹಿತ್ತಾಳೆ ಬಣ್ಣದ ಹೊಳಪು ಬುಶ್ಶಿನದು, ಅದು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಕಪ್ಪು ಮಸಿ, ಸುಟ್ಟ ವಾಸನೆ ಇದ್ದರೆ ಕ್ಲಚ್ ಪ್ಲೇಟ್. ವಾರಂಟಿಯಲ್ಲಿರುವ ಗಾಡಿಯಾದರೆ ಫೋಟೋ ತೆಗೆದು ಆಯಿಲ್ ಒಂದಿಷ್ಟು ಶುದ್ಧ ಬಾಟಲಿಯಲ್ಲಿ ತೆಗೆದಿಡಿ.

ದೊಡ್ಡ ಅಲ್ಯೂಮಿನಿಯಂ ಪ್ಯಾನ್ ನೋಡಲು ಚೆಂದ, ಒಂದಿಷ್ಟು ಆಯಿಲ್ ಹೆಚ್ಚು ಹಿಡಿಯುತ್ತದೆ, ಬಿಸಿಯಾಗುವುದನ್ನು ಕೆಲವು ನಿಮಿಷ ಮುಂದೂಡುತ್ತದೆ. ಅಷ್ಟೇ. ಟೋಯಿಂಗ್ ಪ್ಯಾಕೇಜ್ ಇಲ್ಲದ ಹಾಫ್-ಟನ್ ಗಾಡಿಗೆ (ಎಫ್-150ಯಂಥ ಹಗುರ ಪಿಕಪ್) ಹೆಚ್ಚುವರಿ ಕೂಲರ್ ಬೇಕು. ಪ್ಯಾಕೇಜ್ ಇರುವ ಹೆವಿ ಡ್ಯೂಟಿಗೆ ಬೇಡ, ಅದರ ಬದಲು ಇರುವ ಕೂಲರಿನ ರೆಕ್ಕೆಗಳಲ್ಲಿ ತುಂಬಿದ ಮಣ್ಣು, ಹುಳು, ಹುಲ್ಲು ತೊಳೆಸಿ. “ನಡುಕ ನಿಲ್ಲಿಸುವ” ಬಾಟಲಿ ದ್ರಾವಣ ವಾರಂಟಿಯಲ್ಲಿರುವ ಗಾಡಿಗೆ ಹಾಕಲೇಬೇಡಿ. ನಾಲ್ಕು ವಾರ ಲಕ್ಷಣ ಮುಚ್ಚುತ್ತದೆ, ಡೀಲರ್ ನೋಡುವ ಹೊತ್ತಿಗೆ ದೋಷ ಸಿಗುವುದಿಲ್ಲ.

ಕೊನೆಗೆ ವಾಲ್ವ್ ಬಾಡಿಯೋ ಇಡೀ ಗೇರ್‌ಬಾಕ್ಸೋ ಬದಲಿಸುವುದು ಅಂತ ತೀರ್ಮಾನವಾದರೆ ಎರಡು ವಿಷಯ ಆರ್ಡರಿನಲ್ಲಿ ಬರೆಸಿ. ಫೋರ್ಡಿನ ಹತ್ತು ಗೇರಿನಲ್ಲಿ ಸಾಲೆನಾಯ್ಡ್ ಬಾಡಿಗೆ (ಆಯಿಲ್ ಒತ್ತಡ ನಿಯಂತ್ರಿಸುವ ವಿದ್ಯುತ್ ವಾಲ್ವ್‌ಗಳ ಜೋಡಣೆ) ತನ್ನದೇ ಸ್ಟ್ರಾಟೆಜಿ ಫೈಲ್, ಅಂದರೆ ಆ ಭಾಗದ ಅಳತೆಗಳ ದಾಖಲೆ, ಇದೆ, ಹೊಸದನ್ನು ಹಾಕಿದಾಗ ಅದರ ಫೈಲ್ ಲೋಡ್ ಮಾಡಬೇಕು. ಮಾಡದಿದ್ದರೆ ಹೊಸ ಭಾಗವೂ ಹಳೆಯದರಂತೆಯೇ ಒದೆಯುತ್ತದೆ. ಎರಡನೆಯದು ಕೂಲರ್. ಹಳೆಯ ಗೇರ್‌ಬಾಕ್ಸಿನಲ್ಲಿ ಪುಡಿಯಾದ ಕ್ಲಚ್, ಲೋಹ ಎಲ್ಲ ಕೂಲರಿನ ಸಣ್ಣ ಕೊಳವೆಗಳಲ್ಲಿ ಕೂತಿರುತ್ತದೆ. ಅದನ್ನು ಪೂರ್ತಿ ಫ್ಲಶ್ ಮಾಡಬೇಕು, ಫ್ಲಶ್ ಆಗದ ಜಾತಿಯದಾದರೆ ಬದಲಿಸಬೇಕು. ಕೂಲರ್ ಮುಟ್ಟದೆ ಪೆಟ್ಟಿಗೆ ಮಾತ್ರ ಹೊಸದು ಕೂರಿಸಿದರೆ ಮೊದಲ ಏರಿನಲ್ಲೇ ಆ ಪುಡಿ ಹೊಸ ವಾಲ್ವ್‌ಗಳೊಳಗೆ ಇಳಿಯುತ್ತದೆ. ಗಾಡಿ ಕೈಗೆ ಬಂದ ಮೇಲೆ ಟ್ರೇಲರ್ ಇಲ್ಲದೆ, ಆಯಿಲ್ ಬಿಸಿಯಾಗಿರುವಾಗ, ಲಘು ಆಕ್ಸಿಲರೇಟರಿನಲ್ಲಿ ಎಲ್ಲ ಗೇರ್ ಹತ್ತಿಸಿ ನಿಧಾನಕ್ಕೆ ನಿಲ್ಲಿಸುವುದನ್ನು ಹಲವು ಸಲ ಮಾಡಿ. ಮಾಡ್ಯೂಲ್ ಹೊಸ ಕ್ಲಚ್‌ಗಳನ್ನು ಕಲಿಯುವುದು ಆಗ. ಕಲಿಕೆ ಮುಗಿಯುವ ಮೊದಲೇ ಭಾರ ಕಟ್ಟಿದರೆ ಅಳತೆ ತಪ್ಪಾಗಿ ದಾಖಲಾಗುತ್ತದೆ, ಅದನ್ನು ಅಳಿಸಲು ಮತ್ತೆ ಡೀಲರ್ ಬಳಿ ಸರದಿ ನಿಲ್ಲಬೇಕು.